ಇಪ್ಪತ್ತಕ್ಕೂ ಐದೈದು

ಗ್ರಂಥಾಲಯ ವಿಜ್ಞಾನದ ಕೊನೆಯ ವರ್ಷದಲ್ಲಿ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ನಮ್ಮ ಮಹಿಳಾ ವಿಶ್ವವಿದ್ಯಾಲಯದ ವೆಬ್‌ಸೈಟನ್ನು. ಅದನ್ನು ಬಳಸುವ ವಿದ್ಯಾರ್ಥಿಗಳಿಗೆ ಅದು ಎಷ್ಟು ಅನುಕೂಲವಾಗಿದೆ ಎಂದು ಅಳೆಯಬೇಕಿತ್ತು. ಹೆಚ್ಚು ಮಾತಿಲ್ಲದೆ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆ. ಬೇಕಾದ್ದು ಬೇಗ ಸಿಗುತ್ತದೆಯೇ, ಮೊಬೈಲಿನಲ್ಲಿ ಸರಿಯಾಗಿ ಕಾಣುತ್ತದೆಯೇ, ಇಂಥವು. ತೀರಾ ಕೆಟ್ಟದ್ದಕ್ಕೆ ಒಂದು ಅಂಕ, ಬಹಳ ಒಳ್ಳೆಯದಕ್ಕೆ ಐದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲ್ಲೂಕುಗಳನ್ನು ಬಸ್ಸಿನಲ್ಲಿ ಸುತ್ತಿದೆ. ವಿದ್ಯಾರ್ಥಿನಿಯರ ಮನೆಗೆ ಹೋಗಿ ಹಾಳೆ ಕೊಡುತ್ತಿದ್ದೆ. ಚಹಾ ಕುಡಿಯುವಷ್ಟರಲ್ಲಿ ತುಂಬಿದ ಹಾಳೆ ಕೈಗೆ ಬರುತ್ತಿತ್ತು. ಯಾರೂ ಒಲ್ಲೆ ಎನ್ನಲಿಲ್ಲ.

ನನ್ನ ಗೈಡ್ ಮೇಡಂ ಆ ಕಟ್ಟು ಬಿಚ್ಚಿ ನಾಲ್ಕಾರು ಹಾಳೆ ತಿರುವಿ, ಕನ್ನಡಕ ತೆಗೆದಿಟ್ಟರು.

"ಎಲ್ಲಾ ಐದ ಅದಾವಲ್ಲ. ಇದೇನು ವೆಬ್‌ಸೈಟೋ, ಮದುವಿ ಊಟಾನೋ?"

ಮದುವೆಯ ಊಟವನ್ನು ನಮ್ಮ ಕಡೆ ಯಾರೂ ಎದುರಿಗೆ ಹಳಿಯುವುದಿಲ್ಲ.

"ಮತ್ತ ಹೋಗು. ಖರೇ ಉತ್ತರ ತಗೊಂಡು ಬಾ. ಇಲ್ಲಂದ್ರ ಈ ವರ್ಷ ನಾ ಸಹಿ ಮಾಡೂದಿಲ್ಲ."

ಸಲ್ಲಿಸಲು ಮೂರು ವಾರ ಉಳಿದಿತ್ತು.

ಮೊದಲು ಹೋದದ್ದು ಕನ್ನೊಳ್ಳಿಗೆ. ಅಲ್ಲಿ ಮದುವೆಯಾದ ಮೇಲೆ ಮತ್ತೆ ಬಿ.ಎ. ಸೇರಿದ್ದ ಒಬ್ಬ ಸೊಸೆ ಇದ್ದಳು. ಅವಳ ಹಾಳೆಯಲ್ಲೂ ಇಪ್ಪತ್ತಕ್ಕೆ ಇಪ್ಪತ್ತೂ ಐದು. ಈ ಸಲ ನಾನು ಹಾಳೆ ತೆಗೆಯಲಿಲ್ಲ. "ನಿಮ್ಮ ಹೋದ ಸಲದ ರಿಸಲ್ಟ್ ಒಂದು ತಗದು ತೋರಸ್ರಿ" ಎಂದೆ.

ಅವಳು ಮೊಬೈಲ್ ಹಿಡಿದು ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಚಿತ್ರವೇ ಮೂರು ಸಲ ಬಂತು. ಕೊನೆಗೆ ಮೆಲ್ಲಗೆ, "ಇದರಾಗ ನನಗ ಎಂದೂ ಸಿಕ್ಕಿಲ್ರಿ ಅಕ್ಕಾರ. ಗೆಳತಿ ಫೋನ್ ಮಾಡಿ ಹೇಳ್ತಾಳ" ಎಂದಳು.

"ಮತ್ತ ಐದು ಯಾಕ ಹಾಕಿದ್ರಿ?"

ಅವಳು ಅತ್ತೆಯ ಕಡೆ ನೋಡಿದಳು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತದೆಯೇ ಉತ್ತರಿಸಿದರು.

"ನಾನ ಹಾಕು ಅಂದೆ. ನಿಮ್ಮೂರು ಹೊರ್ತಿಯಿಂದ ಬಿಸಲಾಗ ಬಂದಿದ್ದಿ. ನೀ ಮಾಡಿದ್ದಕ್ಕ ನಾವು ಕಡಿಮಿ ಮಾರ್ಕ್ಸ್ ಹಾಕಿ ನೀ ಫೇಲಾದ್ರ, ನಿಮ್ಮವ್ವ ನಮಗೇನಂದಾಳು?"

ಆ ಅಂಕಗಳೆಲ್ಲ ಬಿದ್ದದ್ದು ವೆಬ್‌ಸೈಟಿಗಲ್ಲ, ನನಗೆ ಎಂದು ಆಗ ತಿಳಿಯಿತು. ಗಟ್ಟಿಯಾಗಿ ನಗುವ ಅಭ್ಯಾಸ ನನಗಿಲ್ಲ. ಅಂದು ನಕ್ಕೆ.

"ಅದು ನಾ ಮಾಡಿದ್ದಲ್ರಿ, ಆಯಿ. ಅದರಾಗಿನ ತಪ್ಪು ಹುಡುಕಾಕತ್ತೇನ್ರಿ. ತಪ್ಪು ಸಿಕ್ರ ನಾ ಪಾಸು."

"ತಪ್ಪು ಬೇಕಾ? ಮೊದಲ ಹೇಳಬಾರದೇನು!" ಮೊರ ಪಕ್ಕಕ್ಕೆ ಸರಿಯಿತು. "ಏ, ಆ ಅಡ್ಡ ಕಾಗದ ತೋರಸ ಇಕಿಗೆ."

ಅಡ್ಡ ಕಾಗದ ಎಂದರೆ ಪರೀಕ್ಷೆಯ ವೇಳಾಪಟ್ಟಿ. ಯಾರೋ ಅದನ್ನು ಅಡ್ಡಲಾಗಿಯೇ ಸ್ಕ್ಯಾನ್ ಮಾಡಿ ಹಾಕಿದ್ದರು. ಮೊಬೈಲ್ ತಿರುಗಿಸಿದರೆ ಪುಟವೂ ಅದರ ಜೊತೆಗೇ ತಿರುಗಿ ಮತ್ತೆ ಅಡ್ಡವಾಗುತ್ತಿತ್ತು. ಸೊಸೆ ಎದ್ದು ಹೋಗಿ ಹೊರಸಿನ ಮೇಲೆ ಮಗ್ಗುಲಾಗಿ ಮಲಗಿ, ಮೊಬೈಲನ್ನು ನೆಟ್ಟಗೆ ಹಿಡಿದು, "ಹಿಂಗ ಓದ್ತೇನ್ರಿ" ಎಂದಳು.

"ಹಗಲೊತ್ತಿನ್ಯಾಗ ಮಕ್ಕೊಂಡಾಳ, ಆರಾಮಿಲ್ಲಂತ ತಿಳದು ನಾ ಕಷಾಯ ಕಾಸಿ ಕುಡಿಸೇನವ್ವಾ!" ಎಂದರು ಅತ್ತೆ.

"ಕುಡದೇನ್ರಿ, ಎರಡು ದಿನ" ಎಂದು ಸೊಸೆ ಮಲಗಿದಲ್ಲಿಂದಲೇ ಹೇಳಿದಳು.

ಹೊಸ ಹಾಳೆ ತೆಗೆದೆ. ಅತ್ತೆ ಹತ್ತಿರ ಬಂದು ಕುಳಿತರು. "ಸೊನ್ನಿ ಇಲ್ಲೇನು ಇದರಾಗ?"

"ಒಂದರಿಂದ ಚಾಲೂ ಆಗತೈತ್ರಿ."

"ಪೆನ್ನಿಲೆ ಒಂದು ಸೊನ್ನಿ ಬರಿಯವ್ವಾ. ಕಷಾಯದ ಲೆಕ್ಕಕ್ಕ."

ಒಂದು, ಎರಡು, ಒಂದು ಎಂದು ಗುರುತು ಹಾಕುತ್ತಾ ಹೋದ ಸೊಸೆ ಹದಿನಾಲ್ಕನೆಯ ಪ್ರಶ್ನೆಯಲ್ಲಿ ನಿಂತಳು. ಅದು ಪರೀಕ್ಷಾ ಅರ್ಜಿ ತುಂಬುವುದರ ಬಗ್ಗೆ. "ಇದು ಮಾತ್ರ ಚೊಲೋ ಐತ್ರಿ. ಒಮ್ಮೆ ಬರದದ್ದು ಮತ್ತ ಕೇಳೂದಿಲ್ಲ" ಎಂದು ಐದು ಹಾಕಿದಳು. ಆ ಕಟ್ಟಿನಲ್ಲಿದ್ದ ಅಷ್ಟೊಂದು ಐದುಗಳಲ್ಲಿ ಯಾವುದೂ ನನಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ಆಮೇಲೆ ಪ್ರತಿ ಮನೆಯ ಹೊಸ್ತಿಲಲ್ಲೇ ಹೇಳತೊಡಗಿದೆ: "ಇದು ನಾ ಮಾಡಿದ್ದಲ್ರಿ. ಬೇಕಾದಷ್ಟು ಬೈರಿ." ಜನ ಬೈದರು. ಹೂವಿನ ಹಿಪ್ಪರಗಿಯಲ್ಲಿ ಒಬ್ಬಳು ಬೈದು ಮುಗಿಸುವುದರೊಳಗೆ ನನ್ನ ಬಸ್ಸು ಹೋಗಿತ್ತು. ಅವಳೇ ಊಟಕ್ಕೆ ಹಾಕಿ, ಉಣ್ಣುವಾಗ ಉಳಿದದ್ದನ್ನು ಹೇಳಿದಳು. ಮೂರನೆಯ ವಾರದ ಕೊನೆಗೆ ಮೇಡಂ ಹೊಸ ಕಟ್ಟು ನೋಡಿ ಸಹಿ ಮಾಡಿದರು.

ಫಲಿತಾಂಶ ಬಂದ ದಿನ ಕನ್ನೊಳ್ಳಿಗೆ ನಾನೇ ಫೋನ್ ಮಾಡಿದೆ. ಅತ್ತೆಯೇ ಎತ್ತಿಕೊಂಡರು.

"ನಾವು ಬೈದದ್ದು ಸಾಲ್ತೇನವ್ವಾ?"

"ಸಾಲ್ತ್ರಿ. ಪಾಸಾದೆ."

"ಅಡ್ಡ ಕಾಗದ ನೆಟ್ಟಗಾತೇನು?"

"ಯುನಿವರ್ಸಿಟಿಗೆ ಬರದು ಕೊಟ್ಟೇನ್ರಿ. ಇನ್ನೂ ಆಗಿಲ್ಲ."

"ಹಂಗಾದ್ರ ಮತ್ತೊಮ್ಮೆ ಬಾ. ಇನ್ನೂ ಬೈಯೂದು ಉಳದೈತಿ."