ಆಂಟೆನಾಕ್ಕೆ ಕಟ್ಟಿದ ಕುಂಬಳಕಾಯಿ

ಜವನಗೊಂಡನಹಳ್ಳಿ ಹತ್ತಿರದ ನಮ್ಮೂರಲ್ಲೇ ಕೂತು ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವ ಕೆಲಸವೊಂದು ನನಗೆ ಸಿಗುವುದರಲ್ಲಿತ್ತು. ಸೋಮವಾರ ಮಾದರಿ ಪಾಠ. ನಡುವೆ ನೆಟ್ ಹೋದರೆ ಕೆಲಸವೂ ಹೋದಂತೆ ಎಂದು ಮೊದಲೇ ಹೇಳಿದ್ದರು. ನಮ್ಮ ಮನೆಯ ಸಿಮ್ ಹಾಕುವ ರೂಟರೋ, ಮನಸ್ಸು ಬಂದಾಗ ಮಾತ್ರ ದುಡಿಯುವ ಜಾತಿಯದು.

ಹಿರಿಯೂರಿನ ಅಂಗಡಿಯವನು ರೂಟರಿಗೆ ಜೋಡಿಸುವ ಎರಡು ಆಂಟೆನಾ ಮುಂದಿಟ್ಟ. "ಇದು ಸುತ್ತಾ ಎಲ್ಲಾ ಕಡೆ ಹಿಡಿತೈತೆ, ಶಕ್ತಿ ಕಮ್ಮಿ. ಇದು ಒಂದೇ ಕಡೆ, ಆದ್ರೆ ದೂರದ್ದೂ ಎಳಿತೈತೆ. ಟವರ್ ಯಾವ ದಿಕ್ಕಿಗೈತೆ ಗೊತ್ತಿದ್ರೆ ಇದನ್ನೇ ತಗಳ್ರಿ."

ಗೊತ್ತಿಲ್ಲದೆ ಏನು? ಮಾಳಿಗೆ ಹತ್ತಿದರೆ ಹೆದ್ದಾರಿ ಪಕ್ಕದ ಟವರ್ ಎದುರಿಗೇ ಕಾಣುತ್ತದೆ. ಗಣಿತದ ಟೀಚರಿಗೆ ದಿಕ್ಕು ಹೇಳಿಕೊಡಬೇಕೇ ಎಂಬ ಜಂಬದಲ್ಲಿ ಒಂದೇ ಕಡೆಯದನ್ನು ತಂದೆ.

ಪೈಪು ನಿಲ್ಲಿಸಿ ಅದರ ಮೂತಿಯನ್ನು ಹೆದ್ದಾರಿಯತ್ತ ತಿರುಗಿಸುತ್ತಿದ್ದೆ. ಮದುವೆಯಾದಾಗಿನಿಂದ ಕುರಿ ಕಾಯ್ದುಕೊಂಡು ಬಂದ ನನ್ನ ಅತ್ತೆ ಅಂಗಳದಿಂದಲೇ ಕೇಳಿದರು: "ಆ ಕಡೆ ಯಾಕಮ್ಮ?"

"ಕುರಿ ವಿಷ್ಯ ನೀವು ಹೇಳ್ರಿ ಅತ್ತೆ, ಕೇಳ್ತೀನಿ. ಇದನ್ನ ನನಗೆ ಬಿಡ್ರಿ."

ಬಿಟ್ಟರು. ಬಿಟ್ಟ ರೀತಿ ಮಾತ್ರ ನನಗೆ ಸರಿಬರಲಿಲ್ಲ.

ಶನಿವಾರ ಪೂರ್ತಿ ಸಿಗ್ನಲ್ ಒಂದು ಕಡ್ಡಿಯಿಂದ ಮೇಲೇಳಲಿಲ್ಲ. ಅಂಗಡಿಯವನಿಗೆ ಬೈದೆ, ಕೇಬಲ್ಲಿಗೆ ಬೈದೆ, ಗಂಡನಿಗೂ ಅವನ ಪಾಲು ಕೊಟ್ಟೆ. ಭಾನುವಾರ ಅಮಾವಾಸ್ಯೆ. ಅತ್ತೆ ಬೂದುಗುಂಬಳಕಾಯಿ ಹಿಡಿದು ಮಾಳಿಗೆ ಹತ್ತಿದರು. "ಹೊಸಾ ಸಾಮಾನಿಗೆ ಜನದ ಕಣ್ಣು ಬಿದ್ದೈತೆ. ಕಟ್ಟಿ ಬರ್ತೀನಿ." ನಾನು ಕೆಳಗೆ ಕೂತು ನಕ್ಕೆ. ಒಂದು ಕಾಯಿ ಕಟ್ಟಲು ಇಷ್ಟು ಹೊತ್ತೇ ಎಂದೂ ಅಂದುಕೊಂಡೆ.

ಸಂಜೆ ನೋಡಿದರೆ ನಾಲ್ಕು ಕಡ್ಡಿ. ಓಡಿ ಮೇಲೆ ಹೋದೆ. ಆಂಟೆನಾ ಗುಡ್ಡದ ಕಡೆ ಮುಖ ಮಾಡಿತ್ತು. ಕಾಯಿಯ ಭಾರಕ್ಕೆ ತಿರುಗಿದೆ ಎಂದುಕೊಂಡೆ. ಹೆದ್ದಾರಿಯ ಟವರು ಬೇರೆ ಕಂಪನಿಯದು, ನಮ್ಮ ಸಿಮ್ಮಿನದು ಗುಡ್ಡದ ಕಡೆಯದು ಎಂದು ಆಗ ಹೊಳೆಯಿತು. ಬೋಲ್ಟು ಬಿಗಿಯೋಣವೆಂದರೆ ಅದು ಆಗಲೇ ಬಿಗಿಯಾಗಿತ್ತು. ಎಷ್ಟು ಚೆನ್ನಾಗಿ ಬಿಗಿದಿದ್ದೇನೆ ಎಂದು ನನ್ನನ್ನೇ ಮೆಚ್ಚಿಕೊಂಡೆ.

ಪಾಠ ಸಲೀಸಾಗಿ ನಡೆದು ಕೆಲಸ ಸಿಕ್ಕಿತು. ಎಲ್ಲ ಕುಂಬಳಕಾಯಿಯ ಮಹಿಮೆ ಎಂದು ಅತ್ತೆ ಬೀದಿಗೆಲ್ಲ ಹೇಳಿದರು. ನಾನು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ.

ಕೆಲವು ದಿನಕ್ಕೆ ಎದುರು ಮನೆಯವನೂ ಅಂಥದ್ದೇ ಆಂಟೆನಾ ತಂದ. ಸಲಹೆಗೆ ಬಂದದ್ದು ಅತ್ತೆಯ ಹತ್ತಿರ. "ಎಂಥಾ ಕಾಯಿ ಕಟ್ಬೇಕು ದೊಡ್ಡಮ್ಮ?"

ಒಳಗೆ ಕೂತಿದ್ದ ನನಗೆ ಅತ್ತೆಯ ಉತ್ತರ ಕೇಳಿಸಿತು.

"ಕಾಯಿ ಇರ್ಲಿ, ನಿಂದು ಯಾವ ಕಂಪ್ನಿ ಸಿಮ್ಮು ಹೇಳಪ್ಪ. ನಮ್ದು ಗುಡ್ಡದ ಕಡೆದು. ಕುರಿ ಹೊಡ್ಕಂಡು ಹೋದಾಗ ನನ್ ಫೋನು ಅಲ್ಲೇ ಚೆನ್ನಾಗಿ ಕೇಳ್ಸೋದು. ಪಾನಾ ಐತಾ? ಬೋಲ್ಟು ಸಡ್ಲ ಮಾಡಿ ತಿರುಗ್ಸಿ ಮತ್ತೆ ಬಿಗಿ, ಅಷ್ಟೇ."

"ಮತ್ತೆ ಕಾಯಿ ಯಾಕೆ ಕಟ್ಟಿದ್ರಿ?"

"ಓದಿರೋ ಸೊಸೆ ಇದ್ರೆ ಕಾಯಿನೂ ಬೇಕಾಗ್ತೈತೆ ಕಣಪ್ಪ."

ಆ ಬೋಲ್ಟು ಅಷ್ಟು ಚೆನ್ನಾಗಿ ಬಿಗಿದದ್ದು ಯಾರೆಂದು ಆಗ ಗೊತ್ತಾಯಿತು. ಮುಂದಿನ ಅಮಾವಾಸ್ಯೆಗೆ ಕುಂಬಳಕಾಯಿಯನ್ನು ಸಂತೆಯಿಂದ ನಾನೇ ಹೊತ್ತು ತಂದೆ.