ಸಂದು ಕಾಣುವ ಕಪಾಟು

ಕಳೆದ ವಾರ ಪಕ್ಕದ ಮನೆಯವರು ಹಲಸಿನ ಮರ ಕೊಯ್ಯಿಸುತ್ತಿದ್ದರು. ಗಾಳಿಗೆ ಹಳದಿ ಹುಡಿ ಹಾರಿ ನನ್ನ ಕಿಟಕಿಯವರೆಗೆ ಬಂತು. ಆಗಷ್ಟೇ ಕೊಯ್ದ ಹಲಸಿಗೆ ಒಂದು ವಾಸನೆಯಿದೆ, ಸ್ವಲ್ಪ ಸಿಹಿ, ಸ್ವಲ್ಪ ಒಗರು... ಚಹಾದ ಲೋಟ ಹಿಡಿದು ಹಾಗೆಯೇ ನಿಂತುಬಿಟ್ಟೆ. ಅಲೆವೂರಿನ ಆಚಾರ್ರ ಮನೆಯ ಜಗಲಿ, ಅಲ್ಲಿ ಮಂಡಿಯೂರಿ ಕುಳಿತ ಅವರ ಮಗಳು, ಎರಡೂ ಕಣ್ಣ ಮುಂದೆ ಬಂದವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಘಟ್ಟದ ಮೇಲಿನಿಂದ ಉಡುಪಿಯ ಶಾಲೆಯೊಂದಕ್ಕೆ ಟೀಚರಾಗಿ ಬಂದ ನಾನು ಅಲೆವೂರಿನಲ್ಲಿ ಬಾಡಿಗೆಗಿದ್ದೆ. ತುಳು ಬಾರದ ನನ್ನೊಡನೆ ಅಕ್ಕಪಕ್ಕದವರು ಅಚ್ಚುಕಟ್ಟಾದ ಕನ್ನಡದಲ್ಲಿ ಮಾತಾಡುತ್ತಿದ್ದರು. ಮೊದಲ ಮಳೆಗಾಲದಲ್ಲೇ ಟ್ರಂಕಿನೊಳಗಿನ ನನ್ನ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಮನೆಯ ಯಜಮಾನರು ಕಡಿಸಿಟ್ಟಿದ್ದ ಹಲಸಿನ ಹಲಗೆ ಕೊಟ್ಟರು. ನೆರೆಯ ಬಡಗಿ ಆಚಾರ್ರು ಕಪಾಟು ಮಾಡಿಕೊಡಲು ಒಪ್ಪಿದರು. ಹಲಗೆಗಳು ಅವರ ಜಗಲಿ ಸೇರಿದವು.

ಆಮೇಲೆ ಕಾಪುವಿನಲ್ಲಿ ಒಂದು ಮನೆಯ ಹೆಂಚಿನ ಮಾಡಿಗೆ ಪಕಾಸಿನ ಮರ ಕೂರಿಸುವಾಗ ಆಚಾರ್ರು ಮೇಲಿನಿಂದ ಬಿದ್ದರು. ಜೀವ ಉಳಿಯಿತು. ಬಲಗೈ ಮಾತ್ರ ಮತ್ತೆ ಮುಷ್ಟಿ ಕಟ್ಟಲಿಲ್ಲ. ನೋಡಲು ಹೋದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಹಲಗೆಗಳನ್ನು ಉಡುಪಿಯ ಯಾರಾದರೂ ಬಡಗಿಗೆ ಕೊಡಿ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಅವರ ಮಗಳು ಬಂದು ಪಕ್ಕದಲ್ಲಿ ನಿಂತಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಹುಡುಗಿ. ನನ್ನೊಡನೆ ಹೆಚ್ಚು ಮಾತಾಡಿದವಳಲ್ಲ.

"ಟೀಚರ್, ಕಪಾಟು ನಾನು ಮಾಡ್ತೇನೆ. ಉಳಿ ಹಿಡಿಯಲಿಕ್ಕೆ ನನಗೆ ಬರ್ತದೆ. ಆ ಹಲಗೆ ಮನೆಯಿಂದ ಹೊರಗೆ ಹೋದ್ರೆ ಅಪ್ಪ ಮತ್ತೆ ಏಳುವುದಿಲ್ಲ."

ಹುಡುಗಿಯರು ಆ ಕೆಲಸ ಮಾಡುವುದನ್ನು ನಾನು ಕಂಡಿರಲಿಲ್ಲ. ಆದರೆ ಆ ಕೊನೆಯ ಮಾತಿಗೆ ಇಲ್ಲವೆನ್ನುವುದು ಹೇಗೆ? ಹೂಂ ಅಂದೆ.

ಭಾನುವಾರ ಅವಳು ನನ್ನ ಪುಸ್ತಕಗಳನ್ನೆಲ್ಲ ಜಗಲಿಗೆ ತರಿಸಿದಳು. ದಪ್ಪದ್ದು, ಎತ್ತರದ್ದು, ಕೈಯಳತೆಯದ್ದು ಎಂದು ಬೇರೆ ಬೇರೆ ಸಾಲು ಮಾಡಿಟ್ಟು, ಕರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಪಾಟನ್ನು ಅದರದ್ದೇ ಅಳತೆಯಲ್ಲಿ ಬರೆದಳು. ಕೆಳಗಿನ ಅಂತಸ್ತು ಎತ್ತರ, ಮೇಲೆ ಹೋದಂತೆ ಗಿಡ್ಡ. ಹಲಗೆ ಹಲಗೆ ಕೂಡುವ ಮೂಲೆಯಲ್ಲಿ ತುದಿ ಅಗಲ, ಬುಡ ಕಿರಿದಾದ ಹಲ್ಲುಗಳನ್ನು ಬರೆದು, ಇವು ಒಂದರೊಳಗೊಂದು ಕಚ್ಚಿಕೊಂಡರೆ ಮೊಳೆಯೇ ಬೇಡ ಎಂದಳು. ಆ ಹಲ್ಲುಗಳು ಎರಡೂ ಬದಿಯಲ್ಲಿ ಹೊರಗೆ ಕಾಣಬೇಕು, ಅದೇ ಕಪಾಟಿನ ಅಲಂಕಾರ ಎಂಬುದು ಅವಳ ಆಸೆ. ಕೆತ್ತನೆಯ ಹೂಬಳ್ಳಿ ಇರಲಿ ಎಂದುಕೊಂಡಿದ್ದ ನನಗೂ ಆ ಗೆರೆಗಳು ಹಿಡಿಸಿದವು.

ಮೊದಲ ಮೂಲೆ ಸೀಳಿಹೋಯಿತು. ಎರಡನೆಯದನ್ನು ಹೊಡೆಯುತ್ತಿದ್ದಾಗ ಒಳಗಿನಿಂದ ಆಚಾರ್ರ ದನಿ ಕೇಳಿತು. ಉಳಿಯ ಸದ್ದು ಸರಿಯಿಲ್ಲ, ಅಂಚು ಮೊಂಡಾಗಿದೆ ಎಂದು. ಸ್ವಲ್ಪ ಹೊತ್ತಿಗೆ ಅವರೇ ಬಾಗಿಲಿಗೆ ಬಂದು ನಿಂತರು. ಹಾಸಿಗೆ ಹಿಡಿದ ಮೇಲೆ ಅವರು ಜಗಲಿಗೆ ಬಂದದ್ದು ಅದೇ ಮೊದಲು. ನೆಲದ ಚಿತ್ರವನ್ನು ನೋಡಿ ಅವರ ಮುಖ ಗಂಟಿಕ್ಕಿತು. ಸಂದು ಹೊರಗೆ ಕಂಡರೆ ಅದು ಕಲಿಯುವವರ ಕೆಲಸ, ಕಾಣದ ಹಾಗೆ ಕೂಡಿಸುವವನೇ ಆಚಾರಿ ಎಂದು ನನಗೆ ಕೇಳುವ ಹಾಗೆ ಕನ್ನಡದಲ್ಲೇ ಬೈದರು.

ಮಗಳು ತಲೆಯೆತ್ತಲಿಲ್ಲ. "ನೀವು ಆಯುಷ್ಯವಿಡೀ ಅಡಗಿಸಿದ್ರಿ ಅಪ್ಪ. ಎಷ್ಟು ಕಷ್ಟದ ಕೆಲಸ ಅಂತ ಯಾರಿಗೆ ಗೊತ್ತಾಯ್ತು? ನನ್ನದು ಕಾಣ್ಲಿ."

ಆಚಾರ್ರು ಮಣೆ ಎಳೆದು ಕೂತರು. ಎಡಗೈಯಲ್ಲಿ ಉಳಿ ತೆಗೆದುಕೊಂಡು ಸಾಣೆಕಲ್ಲಿಗೆ ತಿಕ್ಕತೊಡಗಿದರು...

ಅಲ್ಲಿಂದ ಮುಂದೆ ಶಾಲೆಯಿಂದ ಬರುವಾಗಲೆಲ್ಲ ಇಬ್ಬರೂ ಜಗಲಿಯಲ್ಲೇ ಇರುತ್ತಿದ್ದರು. ಅವರು ಎಡಗೈಯಿಂದ ಹಲಗೆ ಒತ್ತಿ ಹಿಡಿಯುವುದು, ಅವಳು ಮರದ ಕೊಡತಿಯಿಂದ ಬಡಿಯುವುದು. ಜಗಳವೂ ನಡೆಯುತ್ತಿತ್ತು, ತುಳುವಿನಲ್ಲಿ. ಕೊನೆಯ ಹಲಗೆಯಲ್ಲಿ ಉದ್ದಕ್ಕೆ ಬಿರುಕು ಕಂಡಾಗ ಅವಳು ಸೋತು ಕೂತಳು. ಬೇರೆ ಹಲಗೆ ಇರಲಿಲ್ಲ. ಆಗ ಆಚಾರ್ರು ಅಟ್ಟದಿಂದ ಒಂದು ಬೀಟೆ ಮರದ ತುಂಡು ಇಳಿಸಲು ಹೇಳಿದರು. ಅದರಿಂದ ಚಿಟ್ಟೆಯ ಆಕಾರದ ಬಿಲ್ಲೆಗಳನ್ನು ಮಾಡಿ ಬಿರುಕಿಗೆ ಅಡ್ಡಲಾಗಿ ಕೂರಿಸಿದರೆ ಅದು ಇನ್ನು ಬಾಯಿ ಬಿಡುವುದಿಲ್ಲ ಎಂದರು.

"ಹಳದಿ ಮರದಲ್ಲಿ ಕಪ್ಪು ಕಾಣ್ತದಲ್ಲ ಅಪ್ಪ?" ಎಂದಳು ಅವಳು.

"ಕಾಣ್ಲಿ," ಎಂದರು ಆಚಾರ್ರು.

ಕಪಾಟು ನನ್ನ ಮನೆಗೆ ಬಂದಾಗ ಊರವರು ನೋಡಲು ಬಂದರು. ಹೆಣ್ಣು ಮಾಡಿದ್ದಂತೆ ಎಂದು ನಕ್ಕವರೂ ಮೂಲೆಯ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದರು. ಶಿರ್ವದಲ್ಲಿ ಗಲ್ಫಿನ ದುಡ್ಡಿನಿಂದ ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬ ಕ್ರೈಸ್ತ ಬಾಯಮ್ಮ ಅದನ್ನು ನೋಡಿ, ತಮ್ಮ ಪ್ರಾರ್ಥನೆಯ ಕೋಣೆಗೆ ಇಂಥದ್ದೇ ಕೆಲಸದ ಪೀಠ ಬೇಕೆಂದರು. ತಂದೆ ಮಗಳು ಬೆಳಗಿನ ಬಸ್ಸಿನಲ್ಲಿ ಸಲಕರಣೆಗಳ ಪೆಟ್ಟಿಗೆಯೊಡನೆ ಹೊರಟರು. ಪೆಟ್ಟಿಗೆ ಅವಳ ತಲೆಯ ಮೇಲಿತ್ತು. ಆಚಾರ್ರು ಮುಂದೆ ನಡೆಯುತ್ತಿದ್ದರು, ಬೆನ್ನು ನೆಟ್ಟಗೆ ಮಾಡಿಕೊಂಡು.

ಅವಳು ಮದುವೆಯಾಗಿ ಕಾರ್ಕಳಕ್ಕೆ ಹೋದಳು. ಕಂಡಕ್ಟರ್ ಗಂಡ, ಮನೆಯ ಹಿಂದೆ ತಗಡಿನ ಮಾಡಿನ ಸಣ್ಣ ಶೆಡ್ಡು, ಅಲ್ಲಿ ಅವಳದ್ದೇ ಕೆಲಸ. ಮೊದಮೊದಲು ಹೋಗಿ ಬರುತ್ತಿದ್ದೆ. ಆಮೇಲೆ ನನಗೆ ವರ್ಗವಾಯಿತು, ಸಂಸಾರವಾಯಿತು... ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡ ಸುದ್ದಿ ತಿಳಿದರೂ ಹೊರಡಲು ಕಾಲು ಬಂದಿರಲಿಲ್ಲ.

ನಿನ್ನೆ ಕಾರ್ಕಳಕ್ಕೆ ಹೋದೆ. ಅವಳ ಗಂಡ ನನ್ನನ್ನು ಶೆಡ್ಡಿಗೆ ಕರೆದೊಯ್ದರು. ತಮ್ಮ ಮಗಳು ಬಸುರಿಯೆಂದು ತಿಳಿದ ದಿನ ಅವಳು ತೊಟ್ಟಿಲಿಗೆ ಕೈಹಾಕಿದ್ದಳಂತೆ. ಹಲಗೆಗಳು ಅಳತೆಗೆ ಸರಿಯಾಗಿ, ಹಲ್ಲು ಕೊಯ್ಯಿಸಿಕೊಂಡು, ಗೋಡೆಗೊರಗಿದ್ದವು. ಕೂಡಿಸುವುದಷ್ಟೇ ಬಾಕಿ.

"ಅವಳ ಅಳತೆ ತಪ್ಪುವುದಿಲ್ಲ, ಬಡಿದ್ರೆ ಕೂತ್ಕೊಳ್ತದೆ," ಎಂದರು. "ಬಡಿಯಲಿಕ್ಕೆ ನನಗೆ ಕೈಯೇ ಬರುವುದಿಲ್ಲ ಟೀಚರ್. ಮಗಳ ಹೆರಿಗೆಗೆ ಇನ್ನು ಹೆಚ್ಚು ದಿನ ಇಲ್ಲ."

ನಾನು ಕುಳಿತು ಒಂದು ಹಲಗೆಯನ್ನು ನೆಟ್ಟಗೆ ಹಿಡಿದೆ. ಅವರು ಇನ್ನೊಂದನ್ನು ಅದಕ್ಕೆ ತಾಗಿಸಿ, ಕೊಡತಿ ಎತ್ತಿ, ಮೆಲ್ಲನೆ ಬಡಿದರು. ಮತ್ತೊಮ್ಮೆ ಬಡಿದರು. ಹಲ್ಲುಗಳು ಒಂದರೊಳಗೊಂದು ಹೋಗಿ ಕೂತವು. ಅವರು ಆ ಮೂಲೆಯ ಮೇಲೆ ಹಣೆಯಿಟ್ಟು ಅತ್ತರು. ನಾನೂ ಅತ್ತೆ. ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡು ಇನ್ನೊಂದು ಬದಿಯನ್ನು ಎತ್ತಿಕೊಂಡೆವು.