ಯೂರಿಯಾ ಸುರಿದ ದರಗಿನ ಗುಂಡಿ

ನಾನು ಚಿಕ್ಕವಳಿದ್ದಾಗ, ಮಾರ್ಚ್ ಬಂತೆಂದರೆ ಸಾಕು, ಹೊರುವ ಮೊದಲೇ ಬೆನ್ನು ನೋಯುತ್ತಿತ್ತು. ಪಾಳ್ಯದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಸಸಿ ಬೆಳೆಸುವ ಚೀಲಗಳಿಗೆ ತುಂಬಲು ಕಪ್ಪು ಮಣ್ಣು ಬೇಕಿತ್ತು. ಅದು ಸಿಗುತ್ತಿದ್ದುದು ಕೆಳಗಿನ ಕಾಡಿನಂಚಿನಲ್ಲಿ, ದರಗು, ಅಂದರೆ ಉದುರಿದ ಎಲೆ, ವರ್ಷಗಟ್ಟಲೆ ಕೊಳೆತ ಜಾಗದಲ್ಲಿ. ಅಕ್ಕ ಮತ್ತು ನಾನು ಬುಟ್ಟಿ ಹೊತ್ತು ಏರು ಹತ್ತುತ್ತಿದ್ದೆವು. ಒಂದು ವಾರ ಸ್ಕೂಲು ತಪ್ಪುತ್ತಿತ್ತು.

ಅಕ್ಕ ಹತ್ತನೇ ಕ್ಲಾಸಿಗೆ ಬಂದ ವರ್ಷ ಅಪ್ಪ ಬೇರೆ ದಾರಿ ಹುಡುಕಿದ. ದೀಪಾವಳಿ ಕಳೆದ ಮೇಲೆ ಮನೆ ಹಿಂದೆಯೇ ಗುಂಡಿ ತೆಗೆದು, ಸಿಲ್ವರ್ ಓಕ್ ಎಲೆ ತುಂಬಿ, ಯೂರಿಯಾ ಸುರಿದ.

"ಪರೀಕ್ಷೆ ಹೊತ್ಗೆ ಕೊಳ್ತು ಮಣ್ಣಾಗೋಯ್ತದೆ ಕಣಮ್ಮಿ. ಈ ಸಲ ನೀನು ಬುಟ್ಟಿ ಮುಟ್ಬ್ಯಾಡ, ಓದ್ಕೊ."

ಮೊದಮೊದಲು ಎಲೆ ಸರಸರನೆ ಕುಸಿಯಿತು. ಅಪ್ಪ ದಿನಾ ಬಗ್ಗಿ ನೋಡಿ ಖುಷಿಪಡುತ್ತಿದ್ದ. ಇನ್ನೂ ಬೇಗ ಆಗಲಿ ಎಂದು ಮತ್ತೆರಡು ಸಲ ಸುರಿದ. ಆಮೇಲೆ ಕುಸಿಯುವುದು ನಿಂತೇ ಹೋಯಿತು.

ಪರೀಕ್ಷೆಗೆ ಎಂಟು ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಗುಂಡಿ ಕೆದಕಿದೆವು. ಘಾಟಿಗೆ ಮೂಗು ಉರಿಯಿತು. ಎಲೆಯ ಮೆತ್ತನೆಯ ಭಾಗವೆಲ್ಲ ಕರಗಿಹೋಗಿ, ದಂಟು, ನರಗಳು ಮಾತ್ರ ಹಳೇ ಚಪ್ಪಲಿಯಂತೆ ಗಟ್ಟಿಯಾಗಿ ಉಳಿದಿದ್ದವು. ಕಾಡಿನ ದರಗಿನಲ್ಲಿ ಹೆಣೆದುಕೊಂಡು ಗಟ್ಟಿ ನರಗಳನ್ನೂ ಕೊಳೆಸುವ ಬಿಳಿ ಬೂಷ್ಟಿನ ಎಳೆ, ಯೂರಿಯಾ ಹೆಚ್ಚಾಗಿ, ಒಂದೂ ಇರಲಿಲ್ಲ. ಎರೆಹುಳವೂ ಇಲ್ಲ. ಅಪ್ಪ ಒಂದು ಹಿಡಿ ಎತ್ತಿ ಹಿಸುಕಿದ. ಅಂಗೈ ಕಪ್ಪಾಗಲಿಲ್ಲ.

"ಗೊಬ್ಬರಾನೇ ಫೇಲಾಗ್ಬುಡ್ತಲ್ಲಪ್ಪ, ಇನ್ನು ನನ್ ಗತಿ!" ಎಂದು ಅಕ್ಕ ನಕ್ಕಳು.

ಅಪ್ಪ ನಗಲಿಲ್ಲ. "ಸಸಿ ಕಾಯಕಿಲ್ಲ ಕಣವ್ವ," ಅಂದ, ಅವಳ ಮುಖ ನೋಡದೆ.

ಅಕ್ಕ ತಲೆಗೆ ಸಿಂಬೆ ಇಟ್ಟು ಬುಟ್ಟಿ ಎತ್ತಿಕೊಂಡಳು. ಏರು ಹತ್ತುತ್ತಾ ಪಾಠ ಬಾಯಿಪಾಠ ಹೇಳುತ್ತಿದ್ದಳು. ಅರ್ಧ ಏರಿಗೆ ಉಸಿರು ಸಾಲದೆ ಸುಮ್ಮನಾಗುತ್ತಿದ್ದಳು. ಹಿಂದೆ ಬರುತ್ತಿದ್ದ ನನಗೆ ಆ ಉಸಿರು ಮಾತ್ರ ಕೇಳುತ್ತಿತ್ತು. ಆ ಸಲ ಗಣಿತ ಹೋಯಿತು. ಮತ್ತೆ ಅವಳು ಪರೀಕ್ಷೆ ಕಟ್ಟಲಿಲ್ಲ.

ಈಗ ಗೊಬ್ಬರ ಗೇಟಿನವರೆಗೆ ಗಾಡಿಯಲ್ಲಿ ಬರುತ್ತದೆ. ನೀವು ಮೊಮ್ಮಕ್ಕಳು ಯಾರೂ ಬುಟ್ಟಿ ಹೊರುವುದಿಲ್ಲ, ಒಳ್ಳೆಯದೇ. ಮಣ್ಣಿನಲ್ಲಿ ನಿಧಾನವಾಗಿ ಸೇರಿ ಉಳಿಯುವ ಆ ಕಪ್ಪಿಗೆ ಇಂಗಾಲ ಎಂದು ನಿಮ್ಮ ಪುಸ್ತಕದಲ್ಲಿ ಒಂದೇ ಸಾಲಿದೆ. ಓದಿ ಪುಟ ತಿರುಗಿಸುತ್ತೀರಿ. ನಿಮ್ಮ ದೊಡ್ಡಜ್ಜಿಯನ್ನು ಗಮನಿಸಿದ್ದೀರಾ? ಅವಳೇ ಆ ಅಕ್ಕ. ಮಂಡಿ ನೋವಿದ್ದರೂ ಕುಡಿಯುವ ನೀರಿಗೆ ತಾನೇ ಏಳುತ್ತಾಳೆ, ಪುಸ್ತಕ ಹಿಡಿದು ಕೂತವರನ್ನು ಎಬ್ಬಿಸುವುದಿಲ್ಲ.